ಚಂಡೆ ಮದ್ದಳೆಯ ಜೋಡಿ

ಕೊಯ್ಲು ಮುಗಿದಿದೆ. ಗದ್ದೆ ಬರಿದಾಗಿದೆ. ಕವಲೇದುರ್ಗದ ಕೋಟೆಯ ಮೇಲೆ ಕತ್ತಲು ಇಳಿಯುತ್ತಿದೆ. ಆಗ ಬಯಲಿನ ಕಡೆಯಿಂದ ಒಂದು ಸದ್ದು ಕೇಳುತ್ತದೆ. ಮಕ್ಕಳು ಕುಣಿಯುತ್ತಾರೆ, "ಇವತ್ತು ಆಟ ಇದೆ!"

ಅದು ಚಂಡೆಯ ಸದ್ದು. ಯಕ್ಷಗಾನಕ್ಕೆ ನಮ್ಮ ಕಡೆ ಆಟ ಅಂತಲೇ ಹೆಸರು. ಆಟಕ್ಕೆ ಮುಂಚೆ ಚಂಡೆ, ಮದ್ದಳೆ ಬಾರಿಸುತ್ತಾರೆ. ಇದನ್ನು 'ಕೇಳಿ ಹೊಡೆಯುವುದು' ಎನ್ನುತ್ತಾರೆ. ಹಿಂದೆ ಮೈಕು ಇರಲಿಲ್ಲ. ಸುತ್ತಲಿನ ಊರಿಗೆಲ್ಲ ಆಟದ ಸುದ್ದಿ ಮುಟ್ಟಿಸುತ್ತಿದ್ದುದು ಈ ಸದ್ದೇ.

ಚಂಡೆ, ಮದ್ದಳೆ ಎರಡನ್ನೂ ಹಲಸಿನ ಮರದಲ್ಲಿ ಮಾಡುತ್ತಾರೆ. ಎರಡಕ್ಕೂ ಚರ್ಮ ಬಿಗಿಯುತ್ತಾರೆ. ಆದರೆ ದನಿ ಬೇರೆ ಬೇರೆ. ಚಂಡೆಯನ್ನು ಎರಡು ಕೋಲಿನಿಂದ ಬಾರಿಸಬೇಕು. ಅದರ ದನಿ ಸಿಡಿಲಿನ ಹಾಗೆ. ಮದ್ದಳೆಯನ್ನು ಎರಡು ಕೈಯಿಂದ ನುಡಿಸಬೇಕು. ಅದರ ಬಲಬದಿಗೆ ಕಪ್ಪು ಕರಣೆ ಹಾಕಿರುತ್ತಾರೆ. ಎಡಬದಿಯ ದನಿ ದಪ್ಪ.

ಯುದ್ಧ ಬಂತು ಅನ್ನಿ. ಅಭಿಮನ್ಯು ಚಕ್ರವ್ಯೂಹಕ್ಕೆ ನುಗ್ಗುತ್ತಾನೆ. ಆಗ ಚಂಡೆ ಮೊಳಗಲೇಬೇಕು. ಮುಂದೆ ಮಗ ಸತ್ತ ಸುದ್ದಿ ಕೇಳಿ ತಾಯಿ ಅಳುತ್ತಾಳೆ. ಆಗ ಚಂಡೆ ಸುಮ್ಮನಾಗುತ್ತದೆ. ಮದ್ದಳೆ ಒಂದೇ ಮೆಲ್ಲಗೆ ನುಡಿಯುತ್ತದೆ. ಬಾರಿಸುವುದು ಎಷ್ಟು ದೊಡ್ಡ ವಿದ್ಯೆಯೋ, ಸುಮ್ಮನಿರುವುದೂ ಅಷ್ಟೇ ದೊಡ್ಡ ವಿದ್ಯೆ.

ಇಷ್ಟನ್ನೂ ಯಾರಾದರೂ ಬರೆದು ಕೊಟ್ಟಿರುತ್ತಾರಾ? ಇಲ್ಲ. ಭಾಗವತರು ಪದ ಎತ್ತುತ್ತಾರೆ. ತಾಳ ಹಾಕುತ್ತಾರೆ. ಏಕತಾಳಕ್ಕೆ 4 ಎಣಿಕೆ. ತ್ರಿವುಡೆಗೆ 7 ಎಣಿಕೆ. ಈ ಎಣಿಕೆ ಗದ್ದೆಯ ಬೇಲಿ ಇದ್ದ ಹಾಗೆ. ಬೇಲಿ ದಾಟುವಂತಿಲ್ಲ. ಒಳಗೆ ಏನು ಬೆಳೆಯಬೇಕು ಅನ್ನೋದು ಬಾರಿಸುವವರಿಗೆ ಬಿಟ್ಟದ್ದು. ವೇಷಧಾರಿ ಇವತ್ತು ಒಂದು ಹೆಜ್ಜೆ ಹೆಚ್ಚು ಹಾಕಿದರೆ ಇವರ ಕೈಯೂ ಅಲ್ಲೇ ಹೊಸದನ್ನು ಹುಡುಕಬೇಕು. ನಿನ್ನೆ ಬಾರಿಸಿದ್ದು ಇವತ್ತು ಹಾಗೇ ಬರುವುದಿಲ್ಲ. ಕೊನೆಯ ಪೆಟ್ಟು ಮಾತ್ರ ಇಬ್ಬರದೂ ಒಟ್ಟಿಗೇ ಬೀಳಬೇಕು.

ಇದು ಹೇಗೆ ಸಾಧ್ಯ? ನಮ್ಮ ರಾತ್ರಿ ಶಾಲೆಯಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ.

ನಮ್ಮಲ್ಲಿಗೆ ಒಬ್ಬ ಚಂಡೆಯವರು ಬರುತ್ತಿದ್ದರು. ಅವರ ಗೆಳೆಯ ಮದ್ದಳೆಯವರೂ ಜೊತೆಗೆ ಬಂದು ಕೂರುತ್ತಿದ್ದರು. ಇಬ್ಬರೂ ಐವತ್ತು ದಾಟಿದವರು. ಹುಡುಗರಾಗಿದ್ದಾಗಿನಿಂದ ಜೋಡಿ. ಚಂಡೆಯವರು ಬಳಪ ಹಿಡಿದರೆ ಕೈ ನಡುಗುತ್ತಿತ್ತು. "ಮೇಷ್ಟ್ರೇ, ಈ ಕೈಗೆ ಕೋಲು ಗೊತ್ತು. ಅಕ್ಷರ ಗೊತ್ತಿಲ್ಲ" ಅಂದರು.

"ಹಾಗಾದರೆ ಒಂದು ಪೆಟ್ಟನ್ನು ಬಾಯಲ್ಲಿ ಹೇಳಿ" ಅಂದೆ.

ಅವರು ಹೇಳಿದರು. ನಾನು ಹಲಗೆಯ ಮೇಲೆ ಬರೆದೆ: ತ, ಧಿ, ತೋಂ, ನಂ. ಅವರು ಒಂದೊಂದನ್ನೇ ಬೆರಳಿಟ್ಟು ನೋಡಿದರು. ಆಮೇಲೆ ಜೋರಾಗಿ ಓದಿದರು. "ಅಯ್ಯೋ, ಇದು ನಂದೇ ಅಲ್ವಾ!" ಅಂದರು. ಶಾಲೆಯಲ್ಲಿದ್ದವರೆಲ್ಲ ನಕ್ಕರು. ಮರುದಿನದಿಂದ ಅವರ ಕೈ ನಡುಗಲಿಲ್ಲ.

ಆದರೆ ಮದ್ದಳೆಯವರು ಒಂದು ಮಾತು ಕೇಳಿದರು. "ಬರೆದದ್ದು ಸರಿ ಮೇಷ್ಟ್ರೇ. ಇವನು ಯಾವಾಗ ಏರಿಸ್ತಾನೆ, ಯಾವಾಗ ನಿಲ್ಲಿಸ್ತಾನೆ ಅಂತ ಇದರಲ್ಲಿ ಎಲ್ಲಿದೆ?"

ನಾನು ಉತ್ತರ ಕೊಡಲಿಲ್ಲ. ಚಂಡೆಯವರೇ ಕೊಟ್ಟರು. "ಅದು ಕಿವಿಯಲ್ಲಿದೆ ಮಾರಾಯ. ನೀ ಉಸಿರು ಎಳೆದರೆ ನಂಗೆ ಗೊತ್ತಾಗುತ್ತೆ."

ಎಷ್ಟು ನಿಜ ನೋಡಿ. ಪೆಟ್ಟನ್ನು ಅಕ್ಷರದಲ್ಲಿ ಇಡಬಹುದು. ಕೇಳುವ ಕಿವಿಯನ್ನು ಇಡಲಾಗದು. ಅದು ಹತ್ತಿರ ಕೂತವರಿಗೆ ಮಾತ್ರ ಬರುತ್ತದೆ.

ಈಗಿನ ಉಡುಪಿ ಜಿಲ್ಲೆಯ ಹಿರಿಯಡ್ಕ ಗೋಪಾಲರಾಯರು ಮದ್ದಳೆಗೆ ಹೆಸರಾದವರು. 'ಏರು ಮದ್ದಳೆ' ಎಂದರೆ ಅವರ ನೆನಪು ಬರುತ್ತದೆ. 1919ರಲ್ಲಿ ಹುಟ್ಟಿದರು. ನೂರು ವರ್ಷ ದಾಟಿ 2020ರಲ್ಲಿ ತೀರಿಕೊಂಡರು. ಅಂಥವರು ಹೋದಾಗ ಒಂದು ಕೈಯ ಜೊತೆ ಎಷ್ಟೋ ನುಡಿಗಳು ಹೋಗುತ್ತವೆ. ಅವರ ಪಕ್ಕದಲ್ಲಿ ಕೂತು ಕಲಿತವರಲ್ಲಿ ಇದ್ದಷ್ಟೇ ಉಳಿಯುತ್ತದೆ. ಇದಕ್ಕಾಗಿಯೇ ಉಡುಪಿಯಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಹೊನ್ನಾವರದ ಹತ್ತಿರ ಗುಣವಂತೆಯಲ್ಲಿ 1986ರಲ್ಲಿ ಇನ್ನೊಂದು ಶಾಲೆ ಆಯಿತು.

ಆದರೆ ನಮ್ಮ ಆ ಜೋಡಿಗೆ ಶಿಷ್ಯರಿಲ್ಲ. ಅವರ ಮಕ್ಕಳು ಕೆಲಸ ಹುಡುಕಿ ಪೇಟೆಗೆ ಹೋದರು. ಅವರದು ತಪ್ಪಲ್ಲ, ಹೊಟ್ಟೆಪಾಡು. ಆದರೂ ಇಬ್ಬರಲ್ಲಿ ಒಬ್ಬರು ಎದ್ದು ಹೋದರೆ ಇನ್ನೊಬ್ಬರ ಕಿವಿ ಯಾರನ್ನು ಕೇಳಬೇಕು?

ನಿಮ್ಮೂರಿನಲ್ಲೂ ಇಂಥವರು ಇರಬಹುದು. ಈಗ ನಿಮಗೆ ಓದು, ಬರಹ ಬರುತ್ತದೆ. ಒಂದು ಸಂಜೆ ಅವರ ಮನೆಗೆ ಹೋಗಿ. ಅವರು ಹೇಳುವ ನುಡಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಆಮೇಲೆ ಪುಸ್ತಕ ಮುಚ್ಚಿಡಿ. ನಿಮ್ಮ ಮಗನನ್ನೋ ಮಗಳನ್ನೋ ಅವರ ಪಕ್ಕದಲ್ಲಿ ಕೂರಿಸಿ. ಕೇಳಲಿ.