ಕಚ್ಚಾಡುವ ಆಮೆಗಳಿಗೆ ಬೇರೆ ಬೇರೆ ತೊಟ್ಟಿ

ಚಿಕ್ಕಪಡಸಲಗಿಯ ಬಳಿ ರೈತರೇ 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡರು. ಆ ಹೊಳೆ ಆಮೆಗಳಿಗೂ ಆಸರೆ. ಅವನ್ನು ಹಿಡಿದು ತಂದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ. ಗಾಯಗೊಂಡ ಹೊಳೆಯಾಮೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಪೇಟೆಯಲ್ಲಿ ಸಿಗುವುದು ಅಮೆರಿಕ ಮೂಲದ ಕೆಂಪು ಕಿವಿಯ ಆಮೆ. ತರುವಾಗ ನಾಣ್ಯದಷ್ಟಿದ್ದದ್ದು ಬೆಳೆದು ಊಟದ ತಟ್ಟೆಯಷ್ಟಾಗುತ್ತದೆ. ಇಕ್ಕಟ್ಟಾದ ತೊಟ್ಟಿಯಲ್ಲಿ ಎರಡನ್ನು ಬಿಟ್ಟರೆ ಆಹಾರಕ್ಕೂ ಬಿಸಿಲು ಕಾಯುವ ಕಲ್ಲಿಗೂ ಜಗಳ. ದೊಡ್ಡದು ಚಿಕ್ಕದರ ಬಾಲ, ಕಾಲು ಕಚ್ಚುತ್ತದೆ. ಆಮೆಗೆ ಜೊತೆ ಬೇಕೆಂಬುದು ನಮ್ಮ ಊಹೆಯೇ ಹೊರತು ಅದರ ಅಗತ್ಯವಲ್ಲ.

ಗಾಯವಾದರೆ ಮೊದಲು ಎರಡನ್ನೂ ಬೇರ್ಪಡಿಸಿ. ಶುದ್ಧ ನೀರಿನಲ್ಲಿ ಗಾಯ ತೊಳೆದು, ನೀರು ಬೆರೆಸಿ ತೆಳುವಾಗಿಸಿದ ಪೊವಿಡೋನ್ ಅಯೋಡಿನ್ ಹಚ್ಚಿ, ಬೆಚ್ಚಗಿನ ಒಣ ಜಾಗದಲ್ಲಿಡಿ. ದಿನವೂ ಸ್ವಲ್ಪ ಹೊತ್ತು ಮಾತ್ರ ಶುಚಿಯಾದ ನೀರಿಗೆ ಬಿಡಿ. ಚಿಪ್ಪು ರಕ್ತ, ನರಗಳಿರುವ ಜೀವಂತ ಮೂಳೆ. ಅದು ಬಿರುಕು ಬಿಟ್ಟರೆ ಮನೆಯಲ್ಲಿ ಅಂಟು ಹಚ್ಚದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಆಮೆಯಿಂದ ಸಾಲ್ಮೊನೆಲ್ಲಾ ರೋಗಾಣು ಬರಬಹುದಾದ್ದರಿಂದ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ.

ಸಾಕಲಾಗದೆಂದು ಅದನ್ನು ಹೊಳೆಗೆ ಬಿಡುವುದು ದಯೆಯಲ್ಲ. ಅದು ನಮ್ಮ ಆಮೆಗಳ ಆಹಾರ, ನೆಲೆಗಳನ್ನು ಕಸಿಯುತ್ತದೆ, ರೋಗವನ್ನೂ ಹರಡಬಲ್ಲದು. ತೊಟ್ಟಿಯ ಜಗಳಕ್ಕೆ ಇನ್ನೊಂದು ತೊಟ್ಟಿ ಸಾಕು. ಹೊಳೆಯಲ್ಲಿ ಜಗಳ ಹತ್ತಿದರೆ ಬಿಡಿಸುವವರು ಯಾರು?