‘ಸಾಕು’ ಎನ್ನುವ ಜೀವಕೋಶಗಳು

ನಮ್ಮ ಗುಳೇದಗುಡ್ಡದಲ್ಲಿ ಖಣ ನೇಯುವವರಿಗೆ ಬೆರಳೇ ಬಂಡವಾಳ. ರುಮಟಾಯ್ಡ್ ಸಂಧಿವಾತ ಬಂದರೆ ಮಗ್ಗವೇ ನಿಂತೀತು. ಈ ಕಾಯಿಲೆಯಲ್ಲಿ ಕೀಲುಗಳ ಮೇಲೆ ದಾಳಿ ಮಾಡುವುದು ಹೊರಗಿನ ರೋಗಾಣುವಲ್ಲ, ನಮ್ಮದೇ ರೋಗನಿರೋಧಕ ಕೋಶಗಳು!

ಅವುಗಳಿಗೆ ‘ಸಾಕು, ನಿಲ್ಲಿ’ ಎಂದು ಕಡಿವಾಣ ಹಾಕುವುದು ನಿಯಂತ್ರಕ ಟಿ ಕೋಶಗಳು. 1995ರಲ್ಲಿ ಇವನ್ನು ಗುರುತಿಸಿದ ಜಪಾನಿನ ಶಿಮೊನ್ ಸಕಾಗುಚಿ, 2025ರ ವೈದ್ಯಕೀಯ ನೊಬೆಲ್ ಅನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು.

ಈ ಕಾವಲು ಕೋಶಗಳು ಬದುಕುಳಿಯುವುದು ಹೇಗೆ? ಬೆಂಗಳೂರಿನ ವಿಜ್ಞಾನಿ ಅಪೂರ್ವ ಸರಿನ್ ಅವರ ತಂಡ ಉತ್ತರ ಹುಡುಕಿತು: ಪೋಷಣೆ ಕಡಿಮೆಯಾದಾಗಲೂ ‘ನಾಚ್’ ಎಂಬ ಪ್ರೋಟೀನಿನ ಸಂಕೇತ ಅವನ್ನು ಸಾಯದಂತೆ ಕಾಯುತ್ತದೆ.

ಬಿಇ ತರಗತಿಯಲ್ಲಿ ನಾವು ಕಲಿಯುವ ಸಿಗ್ನಲ್, ಫೀಡ್‌ಬ್ಯಾಕ್, ಕಂಟ್ರೋಲ್ ಎಲ್ಲವೂ ಜೀವಕೋಶದಲ್ಲೂ ಇವೆ. ಗೆಳೆಯರೇ, ಸಾಫ್ಟ್‌ವೇರ್ ಒಂದೇ ದಾರಿಯಲ್ಲ. ಜೀವವಿಜ್ಞಾನದ ಪ್ರಯೋಗಾಲಯದಲ್ಲೂ ಎಂಜಿನಿಯರ್‌ಗೆ ಕೆಲಸವಿದೆ.