ನಿಮ್ಮೂರು ಯಾವ ಮಂಡಲ?



ದೆಹಲಿಯಲ್ಲಿ ಕನ್ನಡಿಗರ ಮನೆಯ ಮದುವೆಗೋ, ಗೃಹಪ್ರವೇಶಕ್ಕೋ ಹೋದಾಗ ನಿಮಗೆ ಈ ಅನುಭವ ಆಗಿಯೇ ಇರುತ್ತದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಹಿರಿಯರೊಬ್ಬರು ಅಕ್ಕರೆಯಿಂದ ಕೇಳುತ್ತಾರೆ: "ನಿಮ್ಮೂರು ಯಾವುದಪ್ಪಾ?" ನೀವು "ಲೋಧಿ ಕಾಲೋನಿ" ಎನ್ನುತ್ತೀರಿ. "ಅದಲ್ಲ, ಊರು, ಊರು!" ಎಂದು ಅವರು ನಗುತ್ತಾರೆ. ಆಗ ನೀವು ಅಪ್ಪನ ಊರಿನ ಹೆಸರು ಹೇಳುತ್ತೀರಿ. "ಯಾವ ತಾಲ್ಲೂಕು? ಯಾವ ಹೋಬಳಿ? ಪಂಚಾಯ್ತಿ ಆಫೀಸು ನಿಮ್ಮೂರಲ್ಲೇ ಇದೆಯೋ, ಪಕ್ಕದ ಊರಿನಲ್ಲೋ?" ಎಂದು ಪ್ರಶ್ನೆಗಳು ಬೆಳೆಯುತ್ತಾ ಹೋದಂತೆ ನಿಮ್ಮ ಕಣ್ಣು ಅಮ್ಮನನ್ನು ಹುಡುಕತೊಡಗುತ್ತದೆ.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಆ ಹಿರಿಯರು ಇಷ್ಟೆಲ್ಲಾ ಕೇಳುವುದು ಬರಿಯ ಕುತೂಹಲದಿಂದಲ್ಲ. ಅವರ ಕಾಲದಲ್ಲಿ ಊರೆಂದರೆ ದೇವಸ್ಥಾನ, ಕೆರೆ, ಅರಳಿಕಟ್ಟೆ ಮಾತ್ರವಲ್ಲ. ಮನೆ ಕಂದಾಯ ಎಲ್ಲಿ ಕಟ್ಟಬೇಕು, ಬೋರ್‌ವೆಲ್ ಕೆಟ್ಟರೆ ಯಾರನ್ನು ಕೇಳಬೇಕು, ಓಟು ಯಾರಿಗೆ ಹಾಕಬೇಕು ಎಂಬುದೂ ಊರೇ. ಈಗ ಮರೆಯಾಗಿರುವ ಒಂದು ಊರಾಡಳಿತದ ಕಥೆಯನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಅದರ ಹೆಸರು ಮಂಡಲ ಪಂಚಾಯ್ತಿ. ಬದುಕಿದ್ದು ಕೇವಲ ಐದು ವರ್ಷ, ಆದರೆ ಇಡೀ ದೇಶ ಅದರಿಂದ ಪಾಠ ಕಲಿಯಿತು.

ಹೋಬಳಿ ಬೇರೆ, ಪಂಚಾಯ್ತಿ ಬೇರೆ

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ಹೋಬಳಿ, ತಾಲ್ಲೂಕು ಎಂಬುವು ಕಂದಾಯ ಇಲಾಖೆಯ ವಿಭಾಗಗಳು. ಜಮೀನಿನ ಲೆಕ್ಕ, ಪಹಣಿ, ಜಾತಿ ಪ್ರಮಾಣಪತ್ರ ಇವೆಲ್ಲಾ ಆ ದಾರಿಯಲ್ಲಿ ಬರುತ್ತವೆ. ಅಲ್ಲಿರುವವರು ಸರ್ಕಾರ ನೇಮಿಸಿದ ಅಧಿಕಾರಿಗಳು. ಪಂಚಾಯ್ತಿ ಹಾಗಲ್ಲ. ಅದು ಜನ ಓಟು ಹಾಕಿ ಆರಿಸಿದವರ ಸಭೆ. ಬೀದಿದೀಪ, ಕುಡಿಯುವ ನೀರು, ಚರಂಡಿ, ಊರೊಳಗಿನ ರಸ್ತೆ ಅದರ ಪಾಲು.

1959ರ ಕಾಯಿದೆಯ ಪ್ರಕಾರ ಆಗಿನ ಮೈಸೂರು ರಾಜ್ಯದಲ್ಲಿ ಗ್ರಾಮ ಪಂಚಾಯ್ತಿಗಳೂ, ಅವುಗಳ ಮೇಲೆ ತಾಲ್ಲೂಕು ಅಭಿವೃದ್ಧಿ ಮಂಡಳಿಗಳೂ ಇದ್ದವು. ಜಿಲ್ಲೆಯ ಮಟ್ಟದಲ್ಲಿ ಇದ್ದ ಪರಿಷತ್ತು ಜನರಿಂದ ಆರಿಸಿ ಬಂದದ್ದಲ್ಲ. ಗ್ರಾಮ ಪಂಚಾಯ್ತಿಗಳಾದರೋ ಬಹುಪಾಲು ಬಡವು. ಮನೆ ಕಂದಾಯದಿಂದ ಬರುವ ಪುಡಿಕಾಸಿನಲ್ಲಿ ದೀಪದ ಬಲ್ಬು ಬದಲಾಯಿಸುವುದೇ ದೊಡ್ಡ ಕೆಲಸ. ಹಣವೂ ಇಲ್ಲ, ನೌಕರರೂ ಇಲ್ಲ, ಅಧಿಕಾರವೂ ಇಲ್ಲ.

ಈ ತೊಂದರೆ ಕರ್ನಾಟಕದ್ದು ಮಾತ್ರವಾಗಿರಲಿಲ್ಲ. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಅಶೋಕ್ ಮೆಹ್ತಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು. 1978ರಲ್ಲಿ ಅದು ಕೊಟ್ಟ ವರದಿಯ ಸಾರ ಇಷ್ಟು: ಒಂಟಿ ಹಳ್ಳಿಗೆ ಶಕ್ತಿ ಸಾಲದು, ಹಲವು ಹಳ್ಳಿಗಳನ್ನು ಸೇರಿಸಿ 'ಮಂಡಲ' ಮಾಡಿ, ಅದರ ಮೇಲೆ ಜಿಲ್ಲಾ ಪರಿಷತ್ತನ್ನು ಇರಿಸಿ. ವರದಿ ದೆಹಲಿಯಲ್ಲೇ ಧೂಳು ತಿನ್ನುತ್ತಿದ್ದಾಗ ಅದನ್ನು ಗಂಭೀರವಾಗಿ ಕೈಗೆತ್ತಿಕೊಂಡ ರಾಜ್ಯಗಳಲ್ಲಿ ನಮ್ಮ ಕರ್ನಾಟಕ ಒಂದು.

ನೀರ್ ಸಾಬರ ಕನಸು

1983ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾದರು. ಅವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು ಅಬ್ದುಲ್ ನಜೀರ್ ಸಾಬ್. ಬರಗಾಲದ ಆ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ, ಕೈಪಂಪು ಹಾಕಿಸಿದ್ದರಿಂದ ಜನ ಅವರನ್ನು ಪ್ರೀತಿಯಿಂದ 'ನೀರ್ ಸಾಬ್' ಎಂದು ಕರೆದರು. ಅಜ್ಜಿಯನ್ನು ಕೇಳಿ ನೋಡಿ, ಹೆಸರು ಹೇಳಿದೊಡನೆ ಅವರ ಮುಖ ಅರಳೀತು.

ಅಧಿಕಾರವನ್ನು ಹಳ್ಳಿಗೆ ಇಳಿಸುವ ಕಾಯಿದೆಯನ್ನು ವಿಧಾನಮಂಡಲ 1983ರಲ್ಲೇ ಅಂಗೀಕರಿಸಿತು. ಆದರೆ ರಾಷ್ಟ್ರಪತಿಗಳ ಅಂಕಿತ ದೊರೆಯಲು 1985ರವರೆಗೆ ಕಾಯಬೇಕಾಯಿತು. ಹಳ್ಳಿಯ ಕಾಗದಕ್ಕೂ ದೆಹಲಿಯ ಸಹಿ ಬೇಕಾಯಿತು ನೋಡಿ!

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದು ಮಂಡಲ ಎಂಬ ಲೆಕ್ಕದಲ್ಲಿ ರಾಜ್ಯದಲ್ಲಿ ಸುಮಾರು 2,500 ಮಂಡಲ ಪಂಚಾಯ್ತಿಗಳು ಹುಟ್ಟಿದವು. ನಾನೂರು ಜನಕ್ಕೆ ಒಬ್ಬರಂತೆ ಸುಮಾರು 55,000 ಸದಸ್ಯರು. ಮಂಡಲದ ಮುಖ್ಯಸ್ಥರಿಗೆ 'ಪ್ರಧಾನ' ಎಂದು ಹೆಸರು. ದೆಹಲಿಯಲ್ಲಿ ಒಬ್ಬರೇ ಪ್ರಧಾನಿ, ಕರ್ನಾಟಕದಲ್ಲಿ ಎರಡೂವರೆ ಸಾವಿರ ಪ್ರಧಾನರು!

ಎಲ್ಲಕ್ಕಿಂತ ದೊಡ್ಡ ಮಾತು ಬೇರೆಯೇ ಇದೆ. ಕಾಲುಭಾಗ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡಲಾಗಿತ್ತು. ಅಂದರೆ ಸುಮಾರು ಹದಿನಾಲ್ಕು ಸಾವಿರ ಹೆಂಗಸರು ಮಂಡಲದ ಸಭೆಗೆ ಬರುವ ದಾರಿ ತೆರೆಯಿತು. ಗಂಡನೋ ಮಗನೋ ಹಿಂದೆ ನಿಂತು ಮಾತಾಡಿಸಿದ್ದು ಉಂಟು, ಸಹಿಗೆ ಮಾತ್ರ ಕರೆದದ್ದೂ ಉಂಟು. ಆದರೂ ಜಗಲಿಯ ಕಂಬದ ಮರೆಯಲ್ಲಿ ನಿಂತು ಪಂಚಾಯ್ತಿ ಕೇಳುತ್ತಿದ್ದವರಿಗೆ ಕುರ್ಚಿ ಸಿಕ್ಕಿತು. ಸಂವಿಧಾನಕ್ಕೆ 73ನೇ ತಿದ್ದುಪಡಿಯಾಗಿ ಇಡೀ ದೇಶದ ಪಂಚಾಯ್ತಿಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಪಾಲು ದೊರೆತದ್ದು 1993ರಲ್ಲಿ, ಆರು ವರ್ಷಗಳ ಮೇಲೆ.

ಮಂಡಲದ ಮೇಲಿದ್ದ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐ.ಎ.ಎಸ್. ಅಧಿಕಾರಿ. ಜಿಲ್ಲೆಯ ಶಾಲೆ, ಆಸ್ಪತ್ರೆ, ಕೃಷಿ ಮುಂತಾದ ಇಲಾಖೆಗಳ ಕೆಲಸ ಪರಿಷತ್ತಿನ ಕೈಗೆ ಬಂತು. ಮಂಡಲದ ಸದಸ್ಯ ಶಾಲೆಯ ಬಾಗಿಲಲ್ಲಿ ನಿಂತು "ಮೇಷ್ಟ್ರು ಬಂದಿದ್ದಾರೆಯೇ?" ಎಂದು ಕೇಳಬಹುದಾಯಿತು. ಈ ಪ್ರಯೋಗವನ್ನು ನೋಡಲು ಹೊರದೇಶದ ವಿದ್ವಾಂಸರೂ ಬಂದರು. ಶಿಕ್ಷಕರ, ನೌಕರರ ಹಾಜರಿ ಸುಧಾರಿಸಿತೆಂದು ಬರೆದರು.

ಒಳಿತಿನ ಜೊತೆಗೆ ಕೆಡುಕು

ಹಾಗಾದರೆ ಇಷ್ಟು ಚೆನ್ನಾಗಿದ್ದ ಮಂಡಲ ಯಾಕೆ ಹೋಯಿತು? ನೀವು ಕೇಳಲೇಬೇಕಾದ ಪ್ರಶ್ನೆ.

ಹಲವು ಹಳ್ಳಿ ಸೇರಿ ಒಂದು ಮಂಡಲವಾದಾಗ ಕಛೇರಿ ಒಂದೇ ಊರಿನಲ್ಲಿರಬೇಕಷ್ಟೆ. ಆ ಊರಿಗೆ ಬಸ್ಸು ಬಂತು, ದೀಪ ಬಂತು. ಉಳಿದ ಊರಿನವರು ರಸೀದಿಗಾಗಿ ನಡೆದರು. ಮಲೆನಾಡಿನಲ್ಲಂತೂ ಗುಡ್ಡಕ್ಕೊಂದು ಮನೆ. ಅಲ್ಲಿ ಹತ್ತು ಸಾವಿರ ಜನ ಎಂದರೆ ಎಷ್ಟು ಹಳ್ಳ, ಎಷ್ಟು ಕಾಡು ದಾಟಬೇಕು, ಯೋಚಿಸಿ. ಸದಸ್ಯರ ಸಂಖ್ಯೆ ಹೆಚ್ಚಿದ್ದ ದೊಡ್ಡ ಊರು ಸಭೆಯಲ್ಲಿ ಗೆದ್ದರೆ, ಅಂಚಿನ ಕೇರಿಯ ಬೋರ್‌ವೆಲ್ ಮುಂದಿನ ವರ್ಷಕ್ಕೆ ಹೋಯಿತು.

ಇದು ನಮ್ಮ ದೇಶದ್ದೇ ಸಮಸ್ಯೆ ಎಂದುಕೊಳ್ಳಬೇಡಿ. ನಮ್ಮ ಲೋಧಿ ಉದ್ಯಾನದ ಪಕ್ಕದ ರಸ್ತೆಗೆ ಮ್ಯಾಕ್ಸ್ ಮುಲ್ಲರ್ ಹೆಸರಿದೆಯಲ್ಲ, ಆ ಪಂಡಿತರು ಹುಟ್ಟಿದ ಜರ್ಮನಿಯಲ್ಲೂ ಇದೇ ತಕರಾರು ಇತ್ತು. ಅಲ್ಲಿನ ರೈನ್‌ಲಾಂಡ್-ಫಾಲ್ಟ್ಸ್ ಪ್ರಾಂತ್ಯದಲ್ಲಿ ಪುಟ್ಟ ಪುಟ್ಟ ಹಳ್ಳಿಗಳನ್ನು ಸೇರಿಸಿ ಒಂದು ಒಕ್ಕೂಟ ಮಾಡಿದರು. ಕಛೇರಿ, ನೌಕರರು, ಲೆಕ್ಕಪತ್ರ ಒಕ್ಕೂಟಕ್ಕೆ. ಆದರೆ ಪ್ರತಿ ಹಳ್ಳಿಯೂ ತನ್ನ ಸಭೆಯನ್ನೂ ತನ್ನ ಮುಖ್ಯಸ್ಥರನ್ನೂ ಉಳಿಸಿಕೊಂಡಿತು. ಮುಂದೆ ಒಕ್ಕೂಟಗಳೂ ಚಿಕ್ಕವೆನಿಸಿ ಒಂದರೊಳಗೊಂದು ಸೇರಿದವು. ರೈನ್ ನದಿಯ ದಂಡೆಯ ಬ್ರೌಬಾಖ್ ಮತ್ತು ಲೋರೆಲೈ ಒಕ್ಕೂಟಗಳು 2012ರಲ್ಲಿ ಒಂದಾದವು. ನಮ್ಮ ಮಂಡಲದಲ್ಲಿ ಹಳ್ಳಿಗೆ ಪ್ರತ್ಯೇಕ ಚುನಾಯಿತ ಸಭೆ ಉಳಿಯಲಿಲ್ಲ. ಉಳಿದದ್ದು ಎಲ್ಲ ಮತದಾರರೂ ಸೇರಬೇಕಾದ ಗ್ರಾಮಸಭೆ. ಅದನ್ನು ಕರೆಯುವುದಕ್ಕೇ ಅನೇಕ ಪ್ರಧಾನರು ಹಿಂಜರಿದರು, ಏಕೆಂದರೆ ಅಲ್ಲಿ ಜನ ಲೆಕ್ಕ ಕೇಳುತ್ತಿದ್ದರು!

ಇನ್ನೊಂದು ಕಾರಣ ರಾಜಕೀಯದ್ದು. 1988ರ ಅಕ್ಟೋಬರಿನಲ್ಲಿ ನಜೀರ್ ಸಾಬ್ ತೀರಿಕೊಂಡರು. 1989ರಲ್ಲಿ ಸರ್ಕಾರ ಬದಲಾಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರು ತಮಗಿಂತ ಬಲಿಷ್ಠರಾಗುವುದು ಶಾಸಕರಿಗೂ ಅಷ್ಟಾಗಿ ಹಿಡಿಸಿರಲಿಲ್ಲ. 1992ರ ಜನವರಿಯಲ್ಲಿ ಐದು ವರ್ಷದ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ; ಆಡಳಿತಾಧಿಕಾರಿಗಳು ಬಂದು ಕುಳಿತರು. ಮಂಡಲಗಳ ಬದುಕು ಅಲ್ಲಿಗೆ ಮುಗಿಯಿತೆನ್ನಬೇಕು.

1993ರಲ್ಲಿ ವೀರಪ್ಪ ಮೊಯಿಲಿಯವರ ಸರ್ಕಾರ ಹೊಸ ಪಂಚಾಯತ್ ರಾಜ್ ಕಾಯಿದೆ ತಂದಿತು. ಮಂಡಲಗಳನ್ನು ಒಡೆದು ಐದರಿಂದ ಏಳು ಸಾವಿರ ಜನಕ್ಕೆ ಒಂದು ಗ್ರಾಮ ಪಂಚಾಯ್ತಿ ಮಾಡಲಾಯಿತು. ಮಲೆನಾಡಿಗೆ ಇನ್ನೂ ಚಿಕ್ಕ ಪಂಚಾಯ್ತಿಗೆ ಅವಕಾಶವಾಯಿತು. ತಾಲ್ಲೂಕಿಗೂ ಚುನಾಯಿತ ಪಂಚಾಯ್ತಿ ಬಂತು. 'ಪ್ರಧಾನ' ಹೋಗಿ 'ಅಧ್ಯಕ್ಷ' ಬಂದರು. ಕಛೇರಿ ಹತ್ತಿರವಾಯಿತು, ನಿಜ. ಆದರೆ ಅಧಿಕಾರ ಎಷ್ಟು ಹತ್ತಿರವಾಯಿತು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. 2010ರಲ್ಲಿ ಮಹಿಳೆಯರ ಪಾಲು ಅರ್ಧಕ್ಕೆ ಏರಿದ್ದು ಹೆಮ್ಮೆಯ ಸಂಗತಿ. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳಿಗೆ 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿದ ಮೇಲೆ ಸಕಾಲದಲ್ಲಿ ಚುನಾವಣೆ ನಡೆಯದೆ ಮತ್ತೆ ಆಡಳಿತಾಧಿಕಾರಿಗಳ ಕಾಲ ಬಂದದ್ದು ನಾಚಿಕೆಯ ಸಂಗತಿ. 1992ರ ಪಾಠವನ್ನು ನಾವು ಇಷ್ಟು ಬೇಗ ಮರೆಯಬಾರದಿತ್ತು.

ಇನ್ನು ನಮ್ಮ ಲೋಧಿ ಕಾಲೋನಿ

"ಇದೆಲ್ಲಾ ಊರಿನ ಮಾತಾಯಿತು, ನಮಗೇನು?" ಎನ್ನುತ್ತೀರಾ? ಸ್ವಲ್ಪ ತಾಳಿ.

ದೆಹಲಿಯನ್ನೇ ನೋಡಿ. 1958ರಲ್ಲಿ ಹುಟ್ಟಿದ ದೆಹಲಿ ಮಹಾನಗರ ಪಾಲಿಕೆಯನ್ನು 2012ರಲ್ಲಿ ಉತ್ತರ, ದಕ್ಷಿಣ, ಪೂರ್ವ ಎಂದು ಮೂರು ಭಾಗ ಮಾಡಿದರು. ಜನಕ್ಕೆ ಹತ್ತಿರವಾಗಲಿ ಎಂಬುದು ಆಗಿನ ವಾದ. 2022ರ ಮೇ ತಿಂಗಳಲ್ಲಿ ಮೂರನ್ನೂ ಮತ್ತೆ ಒಂದು ಮಾಡಿದರು. ಖರ್ಚಿಗೆ ಹಣ ಸಾಲದು, ಒಟ್ಟಿಗಿದ್ದರೆ ಶಕ್ತಿ ಎಂಬುದು ಈಗಿನ ವಾದ. ಚಿಕ್ಕದಾದರೆ ಹತ್ತಿರ, ದೊಡ್ಡದಾದರೆ ಬಲ: ಮಂಡಲದ ವಾದವೂ ಇದೇ ಅಲ್ಲವೇ?

ನಮ್ಮ ಕಾಲೋನಿಯ ಪಾಲಿಕಾ ಹೆರಿಗೆ ಆಸ್ಪತ್ರೆ ನಿಮಗೆ ಗೊತ್ತು. ನಿಮ್ಮಲ್ಲಿ ಕೆಲವರು ಅಲ್ಲೇ ಹುಟ್ಟಿರಲೂಬಹುದು. ಅದನ್ನು ನಡೆಸುವುದು ನವದೆಹಲಿ ನಗರಪಾಲಿಕಾ ಪರಿಷತ್ತು, ಅಂದರೆ ಎನ್.ಡಿ.ಎಂ.ಸಿ. ಅದರ ಆಡಳಿತ ನಡೆಯುವುದು 1994ರ ಕಾಯಿದೆಯಂತೆ. ಅದರ ಅಧ್ಯಕ್ಷರು ಸರ್ಕಾರ ನೇಮಿಸಿದ ಅಧಿಕಾರಿ. ಆ ಪ್ರದೇಶದ ಸಂಸತ್ ಸದಸ್ಯರೂ ಶಾಸಕರೂ ಪರಿಷತ್ತಿನಲ್ಲಿರುತ್ತಾರೆ. ಆದರೆ ಪರಿಷತ್ತಿಗೆಂದೇ ಜನ ನೇರವಾಗಿ ಓಟು ಹಾಕಿ ಆರಿಸುವ ಸದಸ್ಯರು ಇಲ್ಲ. ರಸ್ತೆ ಗುಡಿಸಿರುತ್ತದೆ, ಗಿಡಗಳು ಹಸಿರಾಗಿರುತ್ತವೆ, ನಿಜ. ಆದರೂ ಯೋಚಿಸಿ: 1987ರಲ್ಲಿ ಅಕ್ಷರ ಬಾರದ ನಿಮ್ಮ ಅಜ್ಜಿಗೆ ತನ್ನ ಬೀದಿಯ ದೀಪಕ್ಕಾಗಿ ಒಬ್ಬ ಸದಸ್ಯನನ್ನು ಆರಿಸುವ ಹಕ್ಕಿತ್ತು. ರಾಜಧಾನಿಯ ನಡುವೆ, ಎನ್.ಡಿ.ಎಂ.ಸಿ. ಸೀಮೆಯಲ್ಲಿ ವಾಸಿಸುವ ಪದವೀಧರರಿಗೆ ಆ ಹಕ್ಕಿಲ್ಲ.

ಆದ್ದರಿಂದ ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮೂರು ಕೆಲಸ ಮಾಡಿ. ಒಂದು, ಅಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿ ಹಳೆಯ ಮನೆ ಕಂದಾಯದ ರಸೀದಿ ಇದ್ದರೆ ತೆಗೆದು ನೋಡಿ. ದುಂಡು ಮೊಹರಿನಲ್ಲಿ 'ಮಂಡಲ ಪಂಚಾಯ್ತಿ' ಎಂಬ ಅಕ್ಷರ ಕಂಡೀತು. ಎರಡು, ಆಗ ನಿಮ್ಮ ಭಾಗದಿಂದ ಆರಿಸಿ ಬಂದ ಹೆಂಗಸು ಯಾರು ಎಂದು ಅಜ್ಜಿಯನ್ನು ಕೇಳಿ. ಅವರಿದ್ದರೆ ಹೋಗಿ ನಮಸ್ಕರಿಸಿ, ಮಾತಾಡಿಸಿ. ಮೂರು, ಗ್ರಾಮಸಭೆ ನಡೆಯುತ್ತಿದ್ದರೆ ಒಂದು ಗಂಟೆ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ. ಅಲ್ಲಿಯ ಜಗಳದ ಕನ್ನಡವೂ ನಿಮಗೆ ಬೇಕಾದ ಕನ್ನಡವೇ.

ಕಂಡದ್ದನ್ನು ಒಂದು ಪುಟದಲ್ಲಿ ಬರೆದು ನಮ್ಮ ಪತ್ರಿಕೆಗೆ ಕೊಡಿ. ಅಕ್ಷರ ತಪ್ಪಿದರೆ ತಿದ್ದೋಣ. ಮುಂದಿನ ಮದುವೆ ಊಟದಲ್ಲಿ ಹಿರಿಯರು "ನಿಮ್ಮೂರು ಯಾವುದಪ್ಪಾ?" ಎಂದಾಗ ನೀವು ಅಮ್ಮನ ಕಡೆ ನೋಡುವ ಅಗತ್ಯವಿರುವುದಿಲ್ಲ. "ಆಗ ಯಾವ ಮಂಡಲದಲ್ಲಿತ್ತು, ಈಗ ಯಾವ ಪಂಚಾಯ್ತಿಯಲ್ಲಿದೆ, ಎರಡೂ ಹೇಳುತ್ತೇನೆ ಕೇಳಿ" ಎನ್ನಿ. ಪಾಯಸ ಎರಡನೇ ಸಲ ಬಡಿಸುವವರೆಗೂ ಅವರು ನಿಮ್ಮನ್ನು ಬಿಡುವುದಿಲ್ಲ.